ಎರಡು ದಿನಾಂಕಗಳ ನೋಟು

ಅರಸನ ಮುಖವನ್ನು ನಾಣ್ಯದ ಮೇಲೂ ನೋಟಿನ ಮೇಲೂ ಅಚ್ಚೊತ್ತಿಸುವುದು ರಾಜ್ಯಗಳ ಹಳೆಯ ಪದ್ಧತಿ. ಆ ಅರಸನೇ ಸಿಂಹಾಸನದಿಂದ ಇಳಿದುಹೋದರೆ ನೋಟಿನ ಗತಿಯೇನು? 1940ರಲ್ಲಿ ಯುರೋಪಿನ ರುಮೇನಿಯ ದೇಶಕ್ಕೆ ಈ ಪ್ರಶ್ನೆ ಎದುರಾಯಿತು.

ಆ ದೇಶದ ಅರಸುಮನೆಯ ಕಥೆ ಮೊದಲೇ ಸಿಕ್ಕುಸಿಕ್ಕಾಗಿತ್ತು. ಯುವರಾಜ ಕರೊಲ್ 1925ರಲ್ಲಿ ತನ್ನ ಹಕ್ಕನ್ನು ತ್ಯಜಿಸಿ ಪರದೇಶದಲ್ಲಿ ನೆಲಸಿದನು. 1927ರಲ್ಲಿ ದೊರೆ ಫರ್ಡಿನೆಂಡ್ ತೀರಿಕೊಂಡಾಗ ಕರೊಲನ ಐದು ವರ್ಷದ ಮಗ ಮಿಹಾಯ್‌ಗೆ ಪಟ್ಟವಾಯಿತು. ಹಿರಿಯರ ಮಂಡಲಿಯೊಂದು ಬಾಲಕನ ಹೆಸರಿನಲ್ಲಿ ಆಡಳಿತ ನಡೆಸಿತು. 1930ರಲ್ಲಿ ಕರೊಲ್ ಹಿಂದಿರುಗಿ ಬಂದು, ಮಗನ ಪಟ್ಟವನ್ನು ತಾನೇ ಏರಿದನು. ತಂದೆಯಿಂದ ಮಗನಿಗೆ ರಾಜ್ಯ ಸಲ್ಲುವುದು ಲೋಕರೂಢಿ. ಇಲ್ಲಿ ಮಗನಿಂದ ತಂದೆಗೆ ಸಂದಿತು!

ಹತ್ತು ವರ್ಷಗಳ ಬಳಿಕ ಚಕ್ರ ಮತ್ತೆ ತಿರುಗಿತು. 1940ರಲ್ಲಿ ಬೆಸರೇಬಿಯ ಪ್ರಾಂತ ಸೋವಿಯತ್ ಒಕ್ಕೂಟದ ವಶವಾಯಿತು. ಉತ್ತರ ಟ್ರಾನ್ಸಿಲ್ವೇನಿಯ ಹಂಗೇರಿಗೆ ಹೋಯಿತು. ನಾಡನ್ನು ಕಳೆದವನೆಂದು ಜನರ ಕೋಪಕ್ಕೆ ಗುರಿಯಾದ ಕರೊಲ್, ಸೆಪ್ಟೆಂಬರ್ 6ರಂದು ಅಧಿಕಾರವನ್ನು ಮಗನಿಗೆ ಬಿಟ್ಟುಕೊಟ್ಟು ದೇಶವನ್ನೇ ತೊರೆದನು.

ರುಮೇನಿಯದ ರಾಷ್ಟ್ರೀಯ ಬ್ಯಾಂಕಿನಲ್ಲಿ ಕರೊಲನ ಚಿತ್ರವಿದ್ದ, 1931ರ ದಿನಾಂಕವುಳ್ಳ 5000 ಲೇಯಿ ಬೆಲೆಯ ನೋಟುಗಳಿದ್ದವು. ಬ್ಯಾಂಕು ಅವುಗಳ ಮೇಲೆ ‘6 ಸೆಪ್ಟೆಂಬರ್ 1940’ ಎಂದು ಮತ್ತೊಮ್ಮೆ ಮುದ್ರೆಯೊತ್ತಿಸಿ ಹೊರತಂದಿತು. ಇಳಿದವನ ಮುಖ, ಏರಿದವನ ದಿನಾಂಕ ಒಂದೇ ಕಾಗದದ ಮೇಲೆ ಕೂಡಿಬಂದವು.

ಇದನ್ನು ತೇಪೆಯ ಕೆಲಸವೆಂದು ನಗುವವರುಂಟು. ಆ ನಗೆ ಸಲ್ಲದು. ಹೊಸ ನೋಟಿಗೆ ಚಿತ್ರ ಬರೆಯಬೇಕು, ಅಚ್ಚಿನ ಫಲಕ ಕೆತ್ತಬೇಕು, ನೀರುಗುರುತಿನ ಕಾಗದ ಸಿದ್ಧವಾಗಬೇಕು. ಅಲ್ಲಿಯವರೆಗೆ ಕೂಲಿಯವನ ಕೂಲಿ, ಅಂಗಡಿಯ ಉಪ್ಪು ಕಾಯುವವೇ? ಇರಾನಿನಲ್ಲಿ 1979ರ ಕ್ರಾಂತಿಯ ಬಳಿಕ ಷಾನ ಮುಖದ ಮೇಲೆಯೇ ಬಳ್ಳಿಚಿತ್ತಾರವನ್ನು ಅಚ್ಚೊತ್ತಿ ಮರೆಮಾಡಿದರು. ಅದರ ಮುಂದೆ ರುಮೇನಿಯದ ಈ ನೋಟು ಹೆಚ್ಚು ಪ್ರಾಮಾಣಿಕವಾದುದು. ಹಿಂದಿನದನ್ನು ಅಳಿಸದೆ, ಬದಲಾವಣೆಯನ್ನು ಮಾತ್ರ ಅದು ದಾಖಲಿಸಿತು.

ಆದರೂ ಅದು ಹೇಳಿದ್ದು ಅರ್ಧಸತ್ಯ. ಹದಿನೆಂಟರ ಮಿಹಾಯ್ ಹೆಸರಿಗೆ ದೊರೆಯಾದನು. ನಿಜವಾದ ಅಧಿಕಾರ ಸೇನಾಪತಿ ಆಂತೊನೆಸ್ಕುವಿನ ಕೈಸೇರಿತು. ಆ ಸಂಗತಿಯನ್ನು ಯಾವ ಮುದ್ರೆಯೂ ಹೇಳಲಿಲ್ಲ. ನೋಟಿನ ಬೆಲೆ ಕುಗ್ಗಿದ್ದೂ ಅರಸನ ಮುಖದಿಂದಲ್ಲ. ಯುದ್ಧವೂ ಅದರ ಬೆನ್ನಿಗೆ ಬಂದ ಬೆಲೆಯೇರಿಕೆಯೂ ಅದನ್ನು ತಿಂದುಹಾಕಿದವು. ಭಾರತ ಸ್ವತಂತ್ರವಾದ 1947ರ ಆಗಸ್ಟ್ 15ರಂದೇ ರುಮೇನಿಯದಲ್ಲಿ ಹೊಸ ನಾಣ್ಯಪದ್ಧತಿ ಜಾರಿಗೆ ಬಂದಿತು. 20,000 ಹಳೆಯ ಲೇಯಿಗೆ ಒಂದು ಹೊಸ ಲೇಯಿ. ಆ ಲೆಕ್ಕದಲ್ಲಿ 5000ದ ನೋಟಿನ ಬೆಲೆ ಕಾಲು ಲೇಯಿ. ಮಿಹಾಯ್ ಆಗಲೂ ಸಿಂಹಾಸನದ ಮೇಲಿದ್ದನು. ಅವನು ಇಳಿದದ್ದು ಆ ವರ್ಷದ ಡಿಸೆಂಬರ್ 30ರಂದು.