ಬಹು ಸರಕು, ಒಂದು ಚೀಲ

ನಾನಾ ಸರಕುಗಳ ವ್ಯಾಪಾರದಲ್ಲಿ ಒಂದು ಕುಂದಿದರೆ ಮತ್ತೊಂದು ಕಾಯುವುದೆಂದು ವಾಚಕರಂತೆ ನಾವೂ ನಂಬಿದ್ದೆವು. ಮದ್ಯ, ಸುಗಂಧ, ಗಡಿಯಾರ, ಆಭರಣ, ಉಡುಪುಗಳನ್ನೆಲ್ಲ ಮಾರುವ ಫ್ರಾನ್ಸಿನ ಎಲ್.ವಿ.ಎಂ.ಎಚ್. ಸಂಸ್ಥೆಯ ಲೆಕ್ಕವನ್ನು ನೋಡಿದ ಮೇಲೆ ಆ ಭ್ರಾಂತಿಯು ಕಳೆಯಿತು. 2023ರಲ್ಲಿ ಬಂದ ಸುಮಾರು 8,620 ಕೋಟಿ ಯೂರೋ ವರಮಾನದಲ್ಲಿ ಅರ್ಧಕ್ಕೆ ತುಸು ಕಡಮೆ, ಲಾಭದಲ್ಲಾದರೋ ಮುಕ್ಕಾಲಿಗೆ ಸಮೀಪ, ಉಡುಪು ಮತ್ತು ತೊಗಲು ಸಾಮಾನುಗಳದೇ. 1854ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಯಾಣದ ಪೆಟ್ಟಿಗೆಗಳ ಅಂಗಡಿಯಿಟ್ಟ ಲೂಯಿ ವಿಟಾನನ ಹೆಸರಿನ ಚೀಲಗಳು ಇವುಗಳಲ್ಲಿ ಮುಖ್ಯ. ತನ್ನ ಮಳಿಗೆಗಳಲ್ಲೇ ಮಾರುವುದರಿಂದ ನಡುವಣವರಿಗೆ ಪಾಲಿಲ್ಲ. ಬೆಲೆಯಿಳಿಸುವ ವಾಡಿಕೆಯಂತೂ ಇಲ್ಲವೇ ಇಲ್ಲ. (ನಮ್ಮ ಸಂತೆಯ ಚೀಲವು ಹೆಚ್ಚು ಬದನೆಕಾಯಿ ಹಿಡಿಸುವುದು, ಅದು ಬೇರೆ ಮಾತು.) ಪರರ ಸರಕನ್ನೂ ಮಾರುವ ಸೆಫೋರಾ ಮೊದಲಾದ ಅಂಗಡಿಗಳಲ್ಲಿ ವ್ಯಾಪಾರ ಬಹಳ, ಉಳಿಕೆ ಅಲ್ಪ. 2024ರಲ್ಲಿ ಚೀನಾದ ಗಿರಾಕಿಗಳು ಕೈ ಬಿಗಿಹಿಡಿದರು. ಉಡುಪು-ಚೀಲಗಳ ವರಮಾನ ಇಳಿಯಿತು. ಉಳಿದ ಸರಕುಗಳು ಆ ಕೊರತೆಯನ್ನು ತುಂಬಲಾರದೆ ಹೋದುವು.