ಬಿಡದಿಯ ಎಂಜಿನ್, ತಿಪ್ಪಸಂದ್ರದ ಗ್ಯಾರೇಜು: ವಿದ್ಯುತ್ ಕಾರಿನ ಲೆಕ್ಕ ಯಾರ ತಲೆಗೆ?

ತಿಪ್ಪಸಂದ್ರ (ಮಾಗಡಿ ತಾಲ್ಲೂಕು): ಪೆಟ್ರೋಲ್ ಮತ್ತು ಡೀಸೆಲ್ ಎಂಜಿನ್ನುಗಳ ಕಾಲ ಮುಗಿಯಿತೇ ಎಂಬ ಚರ್ಚೆ ಸಾಮಾನ್ಯವಾಗಿ ನಡೆಯುವುದು ಬೆಂಗಳೂರಿನ ಷೋರೂಮುಗಳಲ್ಲಿ, ಇಲ್ಲವೇ ಹಳೆಯ ಕಾರುಗಳ ಮೆರವಣಿಗೆಗಳಲ್ಲಿ. ಹೊಗೆಯಿಲ್ಲದ, ಸದ್ದಿಲ್ಲದ, ನಾಳೆ ಚಾಲಕನೂ ಬೇಕಿಲ್ಲದ ಕಾರಿನ ಕನಸು ಒಂದು ಕಡೆಗಿದೆ. ಗೇರು ಬದಲಿಸುವ ಸುಖ, ಎಂಜಿನ್ನಿನ ಗುಡುಗು, ಪೆಟ್ರೋಲಿನ ವಾಸನೆಗಳ ಹಂಬಲ ಇನ್ನೊಂದು ಕಡೆಗಿದೆ. ಆದರೆ ಈ ಬದಲಾವಣೆಯ ಲಾಭ-ನಷ್ಟ ಮೊದಲು ಕಾಣಿಸಿಕೊಳ್ಳುವುದು ಇವೆರಡೂ ಕಡೆ ಅಲ್ಲ. ಅದು ಬಿಡದಿಯ ಕಾರ್ಖಾನೆಗಳಲ್ಲಿ ಮತ್ತು ಆ ಕಾರ್ಖಾನೆಗಳ ಸುತ್ತಲಿನ ತಿಪ್ಪಸಂದ್ರದಂತಹ ಹೋಬಳಿ ಕೇಂದ್ರಗಳಲ್ಲಿ.

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳನ್ನು ಸೇರಿಸಿ 2007ರಲ್ಲಿ ಜಿಲ್ಲೆಯಾಗಿ ರಚಿಸಲಾಯಿತು. ಇದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು 2025ರ ಮೇ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ರೇಷ್ಮೆ ಮತ್ತು ಬೊಂಬೆಗಳಿಗೆ ಹೆಸರಾದ ಈ ಪ್ರದೇಶ ಕಳೆದ ಕಾಲು ಶತಮಾನದಿಂದ ದೇಶದ ಪ್ರಮುಖ ಮೋಟಾರು ಕೈಗಾರಿಕಾ ವಲಯಗಳಲ್ಲಿ ಒಂದಾಗಿದೆ. ಎಂಜಿನ್ ಬದಲಾದರೆ ಇಲ್ಲಿನ ಬದುಕೂ ಬದಲಾಗುತ್ತದೆ.

ಕ್ವಾಲಿಸ್‌ನಿಂದ ಹೈಕ್ರಾಸ್‌ವರೆಗೆ

ಜಪಾನಿನ ಟೊಯೊಟಾ ಮತ್ತು ಕಿರ್ಲೋಸ್ಕರ್ ಸಮೂಹದ ಜಂಟಿ ಉದ್ಯಮ ಸ್ಥಾಪನೆಯಾದದ್ದು 1997ರಲ್ಲಿ. ಬಿಡದಿ ಘಟಕದ ಮೊದಲ ವಾಹನ ಕ್ವಾಲಿಸ್ 2000ದ ಆರಂಭದಲ್ಲಿ ಮಾರುಕಟ್ಟೆಗೆ ಬಂತು. ಮದುವೆ ದಿಬ್ಬಣ, ಧರ್ಮಸ್ಥಳ-ತಿರುಪತಿ ಯಾತ್ರೆ, ಸಾಫ್ಟ್‌ವೇರ್ ಕಂಪೆನಿಗಳ ರಾತ್ರಿ ಪಾಳಿ ಎಲ್ಲಕ್ಕೂ ಒದಗಿದ ಆ ಡೀಸೆಲ್ ವಾಹನವನ್ನು 2005ರಲ್ಲಿ ಕಂಪೆನಿ ನಿಲ್ಲಿಸಿ ಇನ್ನೋವಾವನ್ನು ತಂದಿತು. ಇಂದಿಗೂ ಹಳೆಯ ಕ್ವಾಲಿಸ್ ಕಂಡರೆ ಮುಖ ಅರಳಿಸುವ ಬಾಡಿಗೆ ಚಾಲಕರಿಗೆ ಕೊರತೆಯಿಲ್ಲ.

ಟೊಯೊಟಾ ಈಗ ನಡೆಯುತ್ತಿರುವುದು ನಡುವಿನ ದಾರಿಯಲ್ಲಿ. 2022ರಲ್ಲಿ ಅನಾವರಣಗೊಂಡ ಇನ್ನೋವಾ ಹೈಕ್ರಾಸ್‌ನ ಹೈಬ್ರಿಡ್ ಮಾದರಿಯಲ್ಲಿ ಪೆಟ್ರೋಲ್ ಎಂಜಿನ್ನೂ ಇದೆ, ವಿದ್ಯುತ್ ಮೋಟಾರೂ ಇದೆ. 2023ರ ಆಗಸ್ಟ್‌ನಲ್ಲಿ ಎಥನಾಲ್ ಬಳಸಬಲ್ಲ ಹೈಕ್ರಾಸ್‌ನ ಮಾದರಿ ಕಾರನ್ನು ದೆಹಲಿಯಲ್ಲಿ ಪ್ರದರ್ಶಿಸಲಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಕಂಪೆನಿಯು ಬಿಡದಿಯಲ್ಲಿ ಸುಮಾರು 3,300 ಕೋಟಿ ರೂಪಾಯಿ ವೆಚ್ಚದ ಮೂರನೇ ಘಟಕವನ್ನು ಪ್ರಕಟಿಸಿತು. ಆಗ ಎರಡು ಘಟಕಗಳ ಒಟ್ಟು ವಾರ್ಷಿಕ ಸಾಮರ್ಥ್ಯ 3.42 ಲಕ್ಷ ವಾಹನಗಳಾಗಿದ್ದು, ಹೊಸ ಘಟಕ ಅದಕ್ಕೆ 1 ಲಕ್ಷ ಸೇರಿಸಲಿದೆ ಎಂದು ತಿಳಿಸಲಾಗಿತ್ತು.

ಈ ನಡುವಿನ ದಾರಿಗೆ ತೆರಿಗೆಯ ನೆರವು ಸಿಕ್ಕಿಲ್ಲ. ವಿದ್ಯುತ್ ಕಾರುಗಳ ಮೇಲಿನ ಜಿಎಸ್‌ಟಿ ಶೇ 5. ದೊಡ್ಡ ಹೈಬ್ರಿಡ್ ಕಾರುಗಳ ಮೇಲೆ ಸೆಸ್ ಸೇರಿ ಶೇ 43ರಷ್ಟಿದ್ದ ಹೊರೆ 2025ರ ಸೆಪ್ಟೆಂಬರ್‌ನ ಪರಿಷ್ಕರಣೆಯ ಬಳಿಕವೂ ಶೇ 40ಕ್ಕೆ ಇಳಿಯಿತಷ್ಟೇ. ಪ್ರಪಂಚದ ಮಾರುಕಟ್ಟೆಯಲ್ಲಿ ಬ್ಯಾಟರಿ ಕಾರುಗಳ ಪಾಲು ಶೇ 30ನ್ನು ಮೀರಲಾರದು ಎಂದು ಟೊಯೊಟಾ ಅಧ್ಯಕ್ಷ ಅಕಿಯೊ ಟೊಯೊಡಾ 2024ರಲ್ಲಿ ಅಭಿಪ್ರಾಯಪಟ್ಟಿದ್ದರು. ಎಂಜಿನ್ ತಯಾರಕರ ಮಾತಿನಲ್ಲಿ ಸ್ವಹಿತ ಇರುವುದು ಸಹಜ. ಆದರೆ ಬಿಡದಿಯ ಕಾರ್ಮಿಕನ ಹಿತವೂ ಸದ್ಯಕ್ಕೆ ಅದೇ ಎಂಜಿನ್ನಿಗೆ ಅಂಟಿಕೊಂಡಿದೆ ಎಂಬುದನ್ನು ಮರೆಯುವಂತಿಲ್ಲ.

ಡೀಸೆಲ್ ಪಂಪಿನ ಪ್ರಶ್ನೆ

ಇದೇ ಬಿಡದಿಯಲ್ಲಿ ಬಾಷ್ ಕಂಪೆನಿಯ ಘಟಕವೂ ಇದೆ. 1951ರಲ್ಲಿ ಸ್ಥಾಪನೆಯಾಗಿ ಮೈಕೋ ಎಂದೇ ಮನೆಮಾತಾಗಿದ್ದ ಈ ಕಂಪೆನಿಯ ಆಡುಗೋಡಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದರೆ ಒಂದು ಕಾಲಕ್ಕೆ ಸರ್ಕಾರಿ ನೌಕರಿಗೆ ಸಮ. ಡೀಸೆಲ್ ಎಂಜಿನ್ನಿಗೆ ಇಂಧನ ಒದಗಿಸುವ ಪಂಪುಗಳ ತಯಾರಿಕೆ ಅಲ್ಲಿಂದ ಬಿಡದಿಗೆ ಬಂತು. ಹೊಸ ಘಟಕ 2015ರಲ್ಲಿ ಉದ್ಘಾಟನೆಯಾಯಿತು.

ವಿದ್ಯುತ್ ಕಾರಿನಲ್ಲಿ ಇಂಧನ ಪಂಪಿಗೆ ಜಾಗವಿಲ್ಲ. ಪಿಸ್ಟನ್, ಇಂಜೆಕ್ಟರ್, ಕ್ಲಚ್ ಪ್ಲೇಟ್, ಸೈಲೆನ್ಸರ್ ಕೂಡ ಇರುವುದಿಲ್ಲ. ಬ್ಯಾಟರಿ, ಮೋಟಾರು ಮತ್ತು ಅವೆರಡನ್ನೂ ನಿಯಂತ್ರಿಸುವ ಎಲೆಕ್ಟ್ರಾನಿಕ್ ಉಪಕರಣ ಇದ್ದರೆ ಕಾರು ಓಡುತ್ತದೆ. ವೇಗ ತಗ್ಗಿಸುವಾಗ ಮೋಟಾರೇ ವಿದ್ಯುತ್ ಉತ್ಪಾದಿಸಿ ಬ್ಯಾಟರಿಗೆ ಮರಳಿಸುವುದರಿಂದ ಬ್ರೇಕಿನ ಸವೆತವೂ ಕಡಿಮೆ. ಕೊಳ್ಳುವವನಿಗೆ ಇದು ಉಳಿತಾಯ. ಆ ಬಿಡಿಭಾಗಗಳನ್ನು ಎರಕ ಹೊಯ್ದು, ಕಡೆದು, ಜೋಡಿಸಿ ಬದುಕುವ ಸಣ್ಣ ಕೈಗಾರಿಕೆಗಳಿಗೆ ಇದು ಬೇಡಿಕೆಯ ಕುಸಿತ.

ಬದಲಾವಣೆ ನಾಳೆಯೇ ಆಗುವುದಿಲ್ಲ. ಟ್ರ್ಯಾಕ್ಟರ್, ಲಾರಿ, ಜನರೇಟರುಗಳಿಗೆ ಡೀಸೆಲ್ ಇನ್ನೂ ಬಹುಕಾಲ ಬೇಕು. ಯುರೋಪ್ ಕೂಡ ಹಿಂದೆ ಮುಂದೆ ನೋಡುತ್ತಿದೆ. 2035ರ ನಂತರ ಹೊಸ ಪೆಟ್ರೋಲ್, ಡೀಸೆಲ್ ಕಾರುಗಳನ್ನು ಪೂರ್ಣ ನಿಲ್ಲಿಸುವ ಗುರಿಯನ್ನು ಸಡಿಲಿಸುವ ಪ್ರಸ್ತಾವವನ್ನು ಯುರೋಪಿಯನ್ ಆಯೋಗ 2025ರ ಡಿಸೆಂಬರ್‌ನಲ್ಲಿ ಮುಂದಿಟ್ಟಿತು. ಇದಕ್ಕೆ ವ್ಯತಿರಿಕ್ತವಾಗಿ ನಾರ್ವೆಯಲ್ಲಿ 2024ರಲ್ಲಿ ಮಾರಾಟವಾದ ಪ್ರತಿ ಹತ್ತು ಹೊಸ ಕಾರುಗಳಲ್ಲಿ ಸುಮಾರು ಒಂಬತ್ತು ವಿದ್ಯುತ್ ಕಾರುಗಳು. ವೇಗ ಬೇರೆ ಬೇರೆಯಾದರೂ ದಿಕ್ಕು ಒಂದೇ.

ಮೊದಲು ಹೊರಟವರು ನಾವೇ

ವಿದ್ಯುತ್ ಕಾರು ಕರ್ನಾಟಕಕ್ಕೆ ಹೊರಗಿನಿಂದ ಬಂದ ವಸ್ತುವೇನಲ್ಲ. ಚೇತನ್ ಮೈನಿ ಅವರ ರೇವಾ ಬೆಂಗಳೂರಿನ ರಸ್ತೆಗಿಳಿದದ್ದು 2001ರಲ್ಲಿ. ಬೊಮ್ಮಸಂದ್ರದಲ್ಲಿ ತಯಾರಾದ ಆ ಪುಟ್ಟ ಕಾರು ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಾಡಿತು. ಊರಿನಲ್ಲಿ ಮಾತ್ರ ಅದನ್ನು ಆಟಿಕೆಯೆಂದು ನಕ್ಕವರೇ ಹೆಚ್ಚು. 2010ರಲ್ಲಿ ಕಂಪೆನಿ ಮಹೀಂದ್ರಾ ಪಾಲಾಯಿತು. ವಿದ್ಯುತ್ ವಾಹನಗಳಿಗಾಗಿ ಪ್ರತ್ಯೇಕ ನೀತಿ ರೂಪಿಸಿದ ಮೊದಲ ರಾಜ್ಯವೂ ಕರ್ನಾಟಕವೇ, ಅದು 2017ರಲ್ಲಿ. 2025ರ ಫೆಬ್ರುವರಿಯಲ್ಲಿ ಪ್ರಕಟವಾದ ಸ್ವಚ್ಛ ಸಂಚಾರ ನೀತಿಯು 50 ಸಾವಿರ ಕೋಟಿ ರೂಪಾಯಿ ಹೂಡಿಕೆ ಮತ್ತು 1 ಲಕ್ಷ ಉದ್ಯೋಗಗಳ ಗುರಿ ಇರಿಸಿಕೊಂಡಿದೆ.

ಗುರಿಗಳ ಪಟ್ಟಿಯಲ್ಲಿ ಹೊಸ ಉದ್ಯೋಗಗಳ ಸಂಖ್ಯೆ ಇದೆ. ಹಳೆಯ ಕಸುಬು ಕಳೆದುಕೊಳ್ಳುವವರನ್ನು ಹೊಸದಕ್ಕೆ ದಾಟಿಸುವುದು ಹೇಗೆ ಎಂಬುದೇ ಕಠಿಣ ಪ್ರಶ್ನೆ. ಈ ಪ್ರಶ್ನೆಯ ಮೊದಲ ಸುಳಿವು ಬೆಂಗಳೂರಿನ ಬಸ್ಸುಗಳಲ್ಲಿ ಸಿಕ್ಕಿದೆ. ಬಿಎಂಟಿಸಿಯ ಗುತ್ತಿಗೆ ಪದ್ಧತಿಯ ವಿದ್ಯುತ್ ಬಸ್ಸುಗಳಲ್ಲಿ ನಿರ್ವಾಹಕ ಸಂಸ್ಥೆಯ ನೌಕರ. ಚಾಲಕ ಖಾಸಗಿ ಕಂಪೆನಿಯವನು. ಬಸ್ಸಿನ ನಿರ್ವಹಣೆಯೂ ಕಂಪೆನಿಯದೇ. ಹೊಗೆ ನಿಂತಿತು, ನಿಜ. ಅದರ ಜೊತೆಗೆ ಡಿಪೊ ಮೆಕ್ಯಾನಿಕ್ ಮತ್ತು ಚಾಲಕನ ಕಾಯಂ ಹುದ್ದೆಗಳೂ ಆ ಬಸ್ಸುಗಳ ಮಟ್ಟಿಗೆ ಇಲ್ಲವಾದವು.

ನೆನಪಿಗೂ ಬೆಲೆ ಬೇರೆ ಬೇರೆ

ಹಳೆಯ ಎಂಜಿನ್ನಿನ ಹಂಬಲವನ್ನು ಬರೀ ಷೋಕಿ ಎಂದು ತಳ್ಳಿಹಾಕುವುದು ಸರಿಯಲ್ಲ. 1975ರ ‘ಶೋಲೆ’ ಚಿತ್ರದ ಬಹುಭಾಗ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡಿತು. ಆ ಚಿತ್ರದ ನಾಯಕರಿಬ್ಬರ ಸೈಡ್‌ಕಾರ್ ಇದ್ದ ಬಿಎಸ್‌ಎ ಮೋಟಾರ್ ಸೈಕಲ್ ಇಲ್ಲದೆ ಅವರ ಗೆಳೆತನವನ್ನು ನೆನೆಯುವುದು ಕಷ್ಟ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಜಾವಾ, ಯೆಜ್ಡಿ ಬೈಕುಗಳನ್ನು ಮಕ್ಕಳಂತೆ ಕಾಪಾಡಿಕೊಂಡವರು ರಾಜ್ಯದಾದ್ಯಂತ ಇದ್ದಾರೆ. ಯಂತ್ರವನ್ನು ಬಿಚ್ಚಿ, ಅರ್ಥಮಾಡಿಕೊಂಡು, ಮತ್ತೆ ಜೋಡಿಸಬಲ್ಲೆವೆಂಬ ಆತ್ಮವಿಶ್ವಾಸ ಆ ಪ್ರೀತಿಯ ಬೇರು.

ಆದರೆ ನೆನಪು ಕಾರ್ಖಾನೆಯನ್ನು ಮರಳಿ ತರಲಿಲ್ಲ. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದಾಗ ಬೈಕುಗಳು ತಯಾರಾದದ್ದು ಮಧ್ಯಪ್ರದೇಶದ ಪೀತಂಪುರದಲ್ಲಿ. ಹೆಸರು ಉಳಿಯಿತು, ಮೈಸೂರಿನ ಕೆಲಸ ಉಳಿಯಲಿಲ್ಲ. ಬಿಡದಿಗೆ ಇದು ಎಚ್ಚರಿಕೆಯ ಪಾಠ.

ಕಾನೂನಿನ ಕಣ್ಣಿನಲ್ಲಿಯೂ ಹಳೆಯ ವಾಹನಗಳೆಲ್ಲ ಒಂದೇ ಅಲ್ಲ. 2021ರ ನಿಯಮಗಳ ಪ್ರಕಾರ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ‘ವಿಂಟೇಜ್’ ಮಾನ್ಯತೆ ಮತ್ತು ವಿಶೇಷ ನೋಂದಣಿ ಸಂಖ್ಯೆ ದೊರೆಯುತ್ತದೆ. ನಿತ್ಯದ ಓಡಾಟಕ್ಕೆ ಅವನ್ನು ಬಳಸುವಂತಿಲ್ಲ. ಇತ್ತ, 20 ವರ್ಷ ದಾಟಿದ ಸಾಮಾನ್ಯ ವಾಹನಗಳ ನೋಂದಣಿ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ ದ್ವಿಚಕ್ರ ವಾಹನಕ್ಕೆ 2,000 ರೂಪಾಯಿ, ಕಾರಿಗೆ 10,000 ರೂಪಾಯಿಗೆ ಏರಿಸಿತು. ಬಂಗಲೆಯ ಷೆಡ್ಡಿನಲ್ಲಿರುವ ಹಳೆಯ ಕಾರು ಪರಂಪರೆ ಎನಿಸಿಕೊಳ್ಳುತ್ತದೆ. ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೊತ್ತು ಸಾಗುವ ರೈತನ ಹಳೆಯ ಮೊಪೆಡ್ ಮಾಲಿನ್ಯಕಾರಕ ಎನಿಸಿಕೊಳ್ಳುತ್ತದೆ. ಆ ಮೊಪೆಡ್ಡನ್ನು ಅವನು ಇಟ್ಟುಕೊಂಡಿರುವುದು ಪ್ರೀತಿಯಿಂದಲ್ಲ, ಹೊಸದಕ್ಕೆ ಹಣವಿಲ್ಲದ್ದರಿಂದ.

ಹೋಬಳಿಗೆ ಚಾರ್ಜರ್ ಬಂದಾಗ

2024ರ ಅಂತ್ಯದ ಹೊತ್ತಿಗೆ ರಾಜ್ಯದಲ್ಲಿ 5,700ಕ್ಕೂ ಹೆಚ್ಚು ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಿದ್ದವು. ಸಂಖ್ಯೆಯಲ್ಲಿ ಕರ್ನಾಟಕವೇ ದೇಶಕ್ಕೆ ಮೊದಲು. ಆದರೆ ಅವುಗಳಲ್ಲಿ ಬಹುಪಾಲು ಬೆಂಗಳೂರು ನಗರ ಜಿಲ್ಲೆಯಲ್ಲಿದ್ದವು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ 119 ಕಿ.ಮೀ. ಉದ್ದದ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಕೆಎಸ್‌ಆರ್‌ಟಿಸಿಯ ವಿದ್ಯುತ್ ಬಸ್ಸುಗಳೂ ಓಡುತ್ತವೆ. ಹೆದ್ದಾರಿಯಿಂದ ಒಳಗೆ ಸರಿದು ಮಾಗಡಿಯ ಹಳ್ಳಿಗಳತ್ತ ಹೋದಂತೆ ಚಿತ್ರ ಬದಲಾಗುತ್ತದೆ.

ಹಳ್ಳಿಗೆ ಮೊದಲು ಬರುವುದು ವಿದ್ಯುತ್ ಕಾರಲ್ಲ, ವಿದ್ಯುತ್ ಸ್ಕೂಟರ್. ಮನೆಯ ಪ್ಲಗ್ಗಿನಲ್ಲೇ ಚಾರ್ಜ್ ಆಗುವ ಸ್ಕೂಟರ್ ದಿನಕ್ಕೆ ಇಪ್ಪತ್ತು ಮೂವತ್ತು ಕಿ.ಮೀ. ಓಡಾಡುವವನಿಗೆ ಪೆಟ್ರೋಲಿಗಿಂತ ಅಗ್ಗವೇ. ತೊಂದರೆ ಶುರುವಾಗುವುದು ಅದು ಕೆಟ್ಟು ನಿಂತಾಗ. ಸ್ಪ್ಯಾನರ್, ಸ್ಕ್ರೂ ಡ್ರೈವರ್ ಹಿಡಿದು, ಎಂಜಿನ್ನಿನ ಸದ್ದು ಕೇಳಿಯೇ ದೋಷ ಪತ್ತೆಹಚ್ಚುತ್ತಿದ್ದ ಹೋಬಳಿಯ ಮೆಕ್ಯಾನಿಕ್‌ಗೆ ಅಲ್ಲಿ ಕೇಳಲು ಸದ್ದೇ ಇಲ್ಲ. ದೋಷವನ್ನು ಓದುವ ಸಾಫ್ಟ್‌ವೇರ್ ಕಂಪೆನಿಯ ಬಳಿ ಇದೆ. ಬ್ಯಾಟರಿ ಬಿಚ್ಚಿದರೆ ವಾರಂಟಿ ಹೋಗುತ್ತದೆ, ತಿಳಿಯದೆ ಮುಟ್ಟಿದರೆ ಜೀವಕ್ಕೇ ಅಪಾಯ. ಹೀಗಾಗಿ ಊರಿನಲ್ಲೇ ಮುಗಿಯುತ್ತಿದ್ದ ರಿಪೇರಿಗೆ ಪಟ್ಟಣಕ್ಕೆ ಅಲೆಯಬೇಕಾಗುತ್ತದೆ. ಹಣವೂ ಹೋಬಳಿ ಬಿಟ್ಟು ಹೊರಗೆ ಹರಿಯುತ್ತದೆ.

ಚಾಲಕನಿಲ್ಲದ ಕಾರು

ಸ್ವಯಂಚಾಲಿತ ಕಾರಿನ ಪ್ರಯೋಗವೂ ದೂರದಲ್ಲಿಲ್ಲ. ಬಿಡದಿಗೆ ಹೋಗುವ ಮೈಸೂರು ರಸ್ತೆಯಲ್ಲೇ ಇರುವ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ವಿಪ್ರೊ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಸಹಯೋಗದ ಚಾಲಕರಹಿತ ಮಾದರಿ ಕಾರು 2025ರ ಅಕ್ಟೋಬರ್‌ನಲ್ಲಿ ಪ್ರದರ್ಶನಗೊಂಡಿತು. ಅಮೆರಿಕದ ಕೆಲವು ನಗರಗಳಲ್ಲಿ ವೇಮೊ ಕಂಪೆನಿಯ ಚಾಲಕರಹಿತ ಟ್ಯಾಕ್ಸಿಗಳು ಓಡುತ್ತಿವೆ. ಆದರೆ ಅಲ್ಲಿಯೇ ಜನರಲ್ ಮೋಟಾರ್ಸ್ ತನ್ನ ಕ್ರೂಸ್ ಟ್ಯಾಕ್ಸಿ ಯೋಜನೆಯನ್ನು 2024ರ ಡಿಸೆಂಬರ್‌ನಲ್ಲಿ ಕೈಬಿಟ್ಟಿತು.

ಚಾಲಕರ ಉದ್ಯೋಗ ಕಸಿಯುವ ಇಂತಹ ಕಾರುಗಳಿಗೆ ಭಾರತದಲ್ಲಿ ಅವಕಾಶ ನೀಡುವುದಿಲ್ಲವೆಂದು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ 2023ರಲ್ಲಿ ಹೇಳಿದ್ದರು. ದನ, ಎತ್ತಿನಗಾಡಿ, ಎದುರಿನಿಂದಲೇ ನುಗ್ಗುವ ಬೈಕುಗಳಿರುವ ಹಳ್ಳಿ ರಸ್ತೆಯಲ್ಲಿ ಯಂತ್ರ ಸದ್ಯಕ್ಕೆ ಮನುಷ್ಯನಿಗೆ ಸಾಟಿಯಾಗಲಾರದು. ಆದ್ದರಿಂದ ಚಾಲಕನಿಗಿಂತ ಮೊದಲು ಸಂಕಟ ಎದುರಾಗುವುದು ಮೆಕ್ಯಾನಿಕ್‌ಗೆ ಮತ್ತು ಬಿಡಿಭಾಗ ತಯಾರಿಸುವ ಕಾರ್ಮಿಕನಿಗೆ.

ಆಗಬೇಕಾದ್ದು ಏನು?

ವಿದ್ಯುತ್ ವಾಹನವನ್ನು ತಡೆಯುವುದು ಸಾಧ್ಯವಿಲ್ಲ, ತಡೆಯಲೂ ಬಾರದು. ಬೆಂಗಳೂರಿನ ಗಾಳಿ ಮತ್ತು ಕಚ್ಚಾ ತೈಲದ ಆಮದು ವೆಚ್ಚ ಎರಡೂ ಅದನ್ನೇ ಬೇಡುತ್ತವೆ. ಆದರೆ ಹೂಡಿಕೆದಾರರಿಗೆ ನೀಡುವ ರಿಯಾಯಿತಿಯ ಒಂದು ಪಾಲಾದರೂ ಕಸುಬುದಾರರ ಮರುತರಬೇತಿಗೆ ಮೀಸಲಾಗಬೇಕು. ಗ್ರಾಮೀಣ ಯುವಕರಿಗೆ ತರಬೇತಿ ನೀಡಲು ಟೊಯೊಟಾ 2007ರಲ್ಲಿ ಬಿಡದಿಯಲ್ಲಿ ಆರಂಭಿಸಿದ ತಾಂತ್ರಿಕ ತರಬೇತಿ ಸಂಸ್ಥೆ ಒಂದು ಉತ್ತಮ ಮಾದರಿ. ಅಂತಹ ತರಬೇತಿ ಹದಿನೆಂಟರ ಹುಡುಗರಿಗೆ ಮಾತ್ರವಲ್ಲ, ನಲವತ್ತು ದಾಟಿದ ಗ್ಯಾರೇಜು ಮೆಕ್ಯಾನಿಕ್‌ಗೂ, ಅದೂ ಕನ್ನಡದಲ್ಲಿ, ತಾಲ್ಲೂಕು ಮಟ್ಟದ ಐಟಿಐಗಳಲ್ಲಿ ಸಿಗಬೇಕು. ದೋಷ ಪತ್ತೆಯ ಉಪಕರಣ ಮತ್ತು ಬಿಡಿಭಾಗಗಳನ್ನು ಸ್ವತಂತ್ರ ಗ್ಯಾರೇಜುಗಳಿಗೂ ಮಾರುವಂತೆ ಕಂಪೆನಿಗಳ ಮೇಲೆ ಷರತ್ತು ವಿಧಿಸಬೇಕು.

ಹಳೆಯ ಕಾರಿನ ಅಭಿಮಾನಿಗಳು ಎಂಜಿನ್ನನ್ನು ಹೇಗಾದರೂ ಉಳಿಸಿಕೊಳ್ಳುತ್ತಾರೆ. ಅವರಿಗೆ ಸಂಘಗಳಿವೆ, ಹಣವಿದೆ, ನಿಯಮದ ರಕ್ಷಣೆಯೂ ಇದೆ. ಎಂಜಿನ್ನನ್ನೇ ನಂಬಿ ಬದುಕಿದವರಿಗೆ ಇರುವುದು ಇನ್ನು ಕೆಲವೇ ವರ್ಷಗಳ ಕಾಲಾವಕಾಶ. ಮೈಸೂರಿನ ಜಾವಾ ಕಾರ್ಖಾನೆಯ ಬಾಗಿಲು ಮುಚ್ಚಿದಾಗ ಕಲಿಯದ ಪಾಠವನ್ನು ಬಿಡದಿಯ ಬಾಗಿಲು ತೆರೆದಿರುವಾಗಲೇ ಸರ್ಕಾರ ಕಲಿಯಬೇಕಾಗಿದೆ.