ಕಾಯುವ ಕಾಲದ ಲೆಕ್ಕ

ಮನುಷ್ಯನ ದುಡಿಮೆಗೆ ಒಂದು ಮಿತಿಯಿರಬೇಕೆಂಬ ತತ್ತ್ವವನ್ನು ಇಂದು ಯಾವ ರಾಷ್ಟ್ರವೂ ಬಹಿರಂಗವಾಗಿ ನಿರಾಕರಿಸುವುದಿಲ್ಲ. ಆದರೆ ದುಡಿಮೆಯೆಂದರೆ ಯಾವುದು, ಅದು ಯಾವ ಗಳಿಗೆಯಲ್ಲಿ ಮೊದಲಾಗಿ ಯಾವ ಗಳಿಗೆಯಲ್ಲಿ ಮುಗಿಯುತ್ತದೆ ಎಂಬುದನ್ನು ನಿರ್ಣಯಿಸುವ ಅಧಿಕಾರವು ಯಾರಲ್ಲಿದೆಯೋ ಅವರ ಇಚ್ಛೆಗನುಸಾರವಾಗಿ ಆ ಮಿತಿಯೂ ಹಿಗ್ಗುತ್ತದೆ, ಕುಗ್ಗುತ್ತದೆ. ಅಮೆರಿಕಾ ಸಂಯುಕ್ತ ಸಂಸ್ಥಾನದ ತೈಲಕ್ಷೇತ್ರಗಳಲ್ಲಿ ಲಾರಿ ನಡೆಸಿ ಜೀವಿಸುವವರ ಸ್ಥಿತಿಯನ್ನು ಪರಿಶೀಲಿಸಿದವರಿಗೆ ಇದು ಸ್ಪಷ್ಟವಾಗದೆ ಇರದು.

ಆ ದೇಶದಲ್ಲಿ ರೈಲು ನಡೆಸುವ ನೌಕರರ ದುಡಿಮೆಗೆ 1907ರಲ್ಲಿಯೇ 16 ಗಂಟೆಗಳ ಮಿತಿಯನ್ನು ಶಾಸನವು ವಿಧಿಸಿತು. ಹೆದ್ದಾರಿಯ ಲಾರಿಗಳ ಸರದಿ ಬಂದುದು 1930ರ ದಶಕದ ಕೊನೆಯಲ್ಲಿ. ಇಂದಿನ ಸಾಮಾನ್ಯ ನಿಯಮದ ಪ್ರಕಾರ, ಎಡೆಬಿಡದೆ 10 ಗಂಟೆ ಬಿಡುವು ಪಡೆದ ಚಾಲಕನು 11 ಗಂಟೆಗಳವರೆಗೆ ಗಾಡಿ ನಡೆಸಬಹುದು. ಕೆಲಸಕ್ಕೆ ಹಾಜರಾದ ಕ್ಷಣದಿಂದ 14 ಗಂಟೆ ಕಳೆದ ಮೇಲೆ, ನಡುವೆ ಎಷ್ಟು ಹೊತ್ತು ಸುಮ್ಮನೆ ಕುಳಿತಿದ್ದರೂ, ಗಾಡಿ ನಡೆಸಕೂಡದು. ಸರಕು ತುಂಬುವವರೆಗೆ, ಇಳಿಸುವವರೆಗೆ, ಅಪ್ಪಣೆ ಬರುವವರೆಗೆ ಕಾದಿರುವ ಹೊತ್ತನ್ನು ಕರ್ತವ್ಯದ ಹೊತ್ತೆಂದೇ ಈ ನಿಯಮವು ಎಣಿಸುತ್ತದೆ. ಇಷ್ಟರಮಟ್ಟಿಗೆ ಅದು ವಿವೇಕಯುಕ್ತವಾದ ನಿಯಮ.

ಆದರೆ ಇದೇ ನಿಯಮಾವಳಿಯೊಳಗೆ ತೈಲೋದ್ಯಮಕ್ಕೆಂದು ಎರಡು ವಿನಾಯಿತಿಗಳು 1960ರ ದಶಕದಿಂದ ನೆಲೆಯೂರಿವೆ. ವಾರದ ದುಡಿಮೆಯ ಲೆಕ್ಕವನ್ನು ಹೊಸದಾಗಿ ಆರಂಭಿಸಲು ಇತರ ಚಾಲಕರಿಗೆ 34 ಗಂಟೆಗಳ ಬಿಡುವು ಬೇಕು; ತೈಲಕ್ಷೇತ್ರದ ಸಾಮಗ್ರಿ ಸಾಗಿಸುವವರಿಗೆ 24 ಗಂಟೆ ಸಾಕು. ಎರಡನೆಯದು ಇನ್ನೂ ಗಂಭೀರವಾದುದು. ತೈಲಬಾವಿಯ ಸೇವೆಗೆಂದೇ ನಿರ್ಮಿಸಿದ ವಾಹನಗಳನ್ನು, ಉದಾಹರಣೆಗೆ ಬಾವಿಯೊಳಕ್ಕೆ ಸಿಮೆಂಟನ್ನು ಪಂಪು ಮಾಡುವ ಲಾರಿಯನ್ನು, ನಡೆಸುವ ತರಬೇತಿ ಪಡೆದ ಚಾಲಕನು ಬಾವಿಯ ಬಳಿ ಕಾದಿರುವ ಹೊತ್ತು ಕರ್ತವ್ಯದ ಲೆಕ್ಕಕ್ಕೂ ಸೇರುವುದಿಲ್ಲ, 14 ಗಂಟೆಗಳ ಲೆಕ್ಕಕ್ಕೂ ಸೇರುವುದಿಲ್ಲ.

ಇದರ ಪರಿಣಾಮವನ್ನು ಒಂದು ದಿನದ ಉದಾಹರಣೆಯಿಂದ ನೋಡೋಣ. ಬೆಳಗಿನ 4 ಗಂಟೆಗೆ ಎದ್ದು 5ಕ್ಕೆ ಹೊರಟ ಚಾಲಕನು 8 ಗಂಟೆಗೆ ಬಾವಿಯನ್ನು ತಲಪುತ್ತಾನೆ. ಹಿಂದಿನ ಕೆಲಸ ಮುಗಿಯದಿರುವುದರಿಂದ ಸಂಜೆ 5ರವರೆಗೆ ಕಾಯುತ್ತಾನೆ; ರಾತ್ರಿ 10ರವರೆಗೆ ಕೆಲಸ ಮಾಡಿ, ಮತ್ತೆ ಮೂರು ಗಂಟೆ ಗಾಡಿ ನಡೆಸಿ, ನಡುರಾತ್ರಿ 1 ಗಂಟೆಗೆ ಬೀಡು ಸೇರುತ್ತಾನೆ. ಕಾಗದದ ಮೇಲೆ ಅವನು ದುಡಿದುದು 11 ಗಂಟೆ, ಗಾಡಿ ನಡೆಸಿದುದು 6 ಗಂಟೆ, ಎಲ್ಲವೂ ಕ್ರಮಬದ್ಧ. ಆದರೆ ಅವನು ಎದ್ದು 21 ಗಂಟೆಗಳಾಗಿವೆ. ಸಕ್ಕರೆ ಸಾಗಿಸುವ ಲಾರಿಯವನಾಗಿದ್ದರೆ ಸಂಜೆ 7ರ ಅನಂತರ ಅವನು ಚಕ್ರವನ್ನು ಮುಟ್ಟುವಂತಿರಲಿಲ್ಲ. ಇಬ್ಬರ ದೇಹಗಳೂ ಒಂದೇ ಬಗೆಯವು, ಇಬ್ಬರೂ ಓಡಾಡುವ ಹೆದ್ದಾರಿಯೂ ಒಂದೇ. ಭೇದವಿರುವುದು ಸರಕಿನ ಒಡೆಯನ ಪ್ರಭಾವದಲ್ಲಿ ಮಾತ್ರ.

ನಿದ್ರೆಗೆಟ್ಟ ದೇಹವು ಈ ಭೇದವನ್ನು ಮನ್ನಿಸುವುದಿಲ್ಲ. 17 ಗಂಟೆ ಎಚ್ಚರವಾಗಿದ್ದವನ ಕೈಕಣ್ಣುಗಳ ಚುರುಕು, ರಕ್ತದಲ್ಲಿ ಶೇಕಡಾ 0.05 ಮದ್ಯಸಾರವಿರುವವನ ಮಟ್ಟಕ್ಕೆ ಇಳಿಯುತ್ತದೆಂಬುದನ್ನು 1997ರಲ್ಲಿ ಪ್ರಕಟವಾದ ಒಂದು ಸಂಶೋಧನೆ ತೋರಿಸಿತು. ಕುಡಿದು ಗಾಡಿ ನಡೆಸುವವನನ್ನು ಬಂಧಿಸುವ ಸರಕಾರವೇ ಅಷ್ಟೇ ಮಂದವಾದ ಬುದ್ಧಿಯಿಂದ ಗಾಡಿ ನಡೆಸುವುದಕ್ಕೆ ಇನ್ನೊಬ್ಬನಿಗೆ ಅನುಮತಿ ನೀಡುವುದು ನ್ಯಾಯದ ಯಾವ ತಕ್ಕಡಿಯಲ್ಲಿ ತೂಗೀತು? 2003ರಿಂದ 2009ರವರೆಗಿನ ಏಳು ವರ್ಷಗಳಲ್ಲಿ ಆ ದೇಶದ ತೈಲ ಮತ್ತು ಅನಿಲೋದ್ಯಮದ 202 ಮಂದಿ ಕೆಲಸದ ಸಂಬಂಧದ ವಾಹನಾಪಘಾತಗಳಲ್ಲಿ ಸತ್ತರೆಂದೂ, ಈ ಮರಣದ ಪ್ರಮಾಣವು ಖಾಸಗಿ ರಂಗದ ಕೆಲಸಗಾರರೆಲ್ಲರ ಪ್ರಮಾಣದ ಎಂಟೂವರೆ ಪಟ್ಟೆಂದೂ ಅಲ್ಲಿನ ಸರಕಾರಿ ಔದ್ಯೋಗಿಕ ಸುರಕ್ಷತಾ ಸಂಸ್ಥೆಯೇ ಲೆಕ್ಕಹಾಕಿದೆ. ಎಲ್ಲ ಸಾವುಗಳಿಗೂ ನಿದ್ರಾಹೀನತೆಯೇ ಕಾರಣವೆನ್ನಲಾಗದು; ಹಳ್ಳಿಗಾಡಿನ ಕಿರಿದಾದ ರಸ್ತೆಗಳು, ಸೊಂಟಪಟ್ಟಿ ಧರಿಸದ ಅಭ್ಯಾಸ ಇವೂ ಸೇರಿವೆ. ಆದರೂ ಇಷ್ಟು ಭೀಕರವಾದ ದಾಖಲೆಯುಳ್ಳ ಉದ್ಯಮಕ್ಕೆ ನಿಯಮವು ಬಿಗಿಯಾಗಬೇಕಾಗಿತ್ತೇ ಹೊರತು ಸಡಿಲವಾಗಬೇಕಾಗಿರಲಿಲ್ಲ.

ವಿನಾಯಿತಿಯ ಪಕ್ಷದವರು ಹೇಳುವ ಮಾತುಗಳನ್ನು ತಿರಸ್ಕಾರದಿಂದ ನೋಡತಕ್ಕದ್ದಲ್ಲ. ಬಾವಿಯ ಕೆಲಸವನ್ನು ಗಡಿಯಾರ ನೋಡಿ ನಿಲ್ಲಿಸಲಾಗದು, ಕೊಳವೆಯ ಸುತ್ತ ಸಿಮೆಂಟು ಹಾಕುವಾಗ ಅರ್ಧಕ್ಕೆ ಕೈಬಿಟ್ಟರೆ ಬಾವಿಯೇ ಕೆಡುತ್ತದೆ ಎನ್ನುತ್ತಾರೆ. ಸತ್ಯವೇ. ಆದರೆ ನಿಲ್ಲದ ಕೆಲಸಕ್ಕೆ ಪಾಳಿಯ ಮೇಲೆ ಬರುವ ಬೇರೆ ಜನರು ಬೇಕೆಂಬುದು ಅದರಿಂದ ಸಿದ್ಧವಾಗುತ್ತದೆ, ಒಬ್ಬನೇ ಮನುಷ್ಯನು ನಿಲ್ಲದೆ ಇರಬೇಕೆಂಬುದಲ್ಲ. ಕಾಯುವಾಗ ಚಾಲಕನು ಮಲಗಬಹುದಲ್ಲವೆ ಎಂಬುದು ಇನ್ನೊಂದು ವಾದ. ಪಂಪುಗಳ ಆರ್ಭಟದ ನಡುವೆ, ಯಾವ ಗಳಿಗೆಯಲ್ಲಿ ಕರೆ ಬಂದೀತೋ ಎಂಬ ನಿರೀಕ್ಷೆಯಲ್ಲಿ, ಹಗಲಿನ ಬೆಳಕಿನಲ್ಲಿ ಆಸನದ ಮೇಲೆ ತೂಕಡಿಸುವುದನ್ನು ನಿದ್ರೆಯೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಕರೆದಾಗ ಏಳಬೇಕಾದವನು ಸ್ವತಂತ್ರನಲ್ಲ. ಸ್ವತಂತ್ರನಲ್ಲದವನ ಹೊತ್ತು ಅವನದಲ್ಲ. ನಮ್ಮ ದೇಶದ 1961ರ ಮೋಟಾರು ಸಾರಿಗೆ ಕಾರ್ಮಿಕರ ಅಧಿನಿಯಮವು ದಿನಕ್ಕೆ ಸಾಮಾನ್ಯವಾಗಿ 8 ಗಂಟೆ, ವಾರಕ್ಕೆ 48 ಗಂಟೆಯ ಮಿತಿಯನ್ನು ಹೇಳುವಾಗ, ಕಾರ್ಮಿಕನು ಮಾಲಿಕನ ಅಧೀನದಲ್ಲಿರುವ ಕಾಲವನ್ನೇ ದುಡಿಮೆಯ ಕಾಲವೆಂದು ನಿರೂಪಿಸಿತ್ತು. ಆಚರಣೆಯಲ್ಲಿ ನಮ್ಮ ಹೆದ್ದಾರಿಗಳಲ್ಲಿ ಅದು ಎಷ್ಟು ನಿರ್ಲಕ್ಷಿತವಾಗಿತ್ತೆಂಬುದು ಬೇರೆ ದುಃಖದ ವಿಷಯ. ಆದರೆ ಅಧೀನತೆಯನ್ನು ಅಳತೆಗೋಲಾಗಿ ಹಿಡಿದುದು ಸರಿಯಾದ ದಾರಿ.

ಚಾಲಕರೇ ಹೆಚ್ಚು ದುಡಿಯಲು ಬಯಸುತ್ತಾರೆಂಬ ವಾದವು ಎಲ್ಲಕ್ಕಿಂತ ಪ್ರಬಲವಾದುದು. ಉತ್ತರ ಡಕೋಟಾದ ವಿಲ್ಲಿಸ್ಟನ್ ಸುತ್ತಲೂ ಟೆಕ್ಸಸ್‌ನ ಮಿಡ್‌ಲ್ಯಾಂಡ್, ಒಡೆಸ್ಸಾ ಸುತ್ತಲೂ ತೈಲದ ಸುಗ್ಗಿ ಬಂದಾಗ, ದೂರದೂರದಿಂದ ಜನ ಬಂದುದು ಹಣಕ್ಕಾಗಿಯೇ. ಆದರೆ ಆ ಬಯಕೆ ಹುಟ್ಟುವ ಪರಿಯನ್ನೂ ನೋಡಬೇಕು. ಅನೇಕರಿಗೆ ಸಂಬಳವು ಗಂಟೆಗಲ್ಲ, ಹೊರೆಗೆ. ಅಂತರರಾಜ್ಯ ಸಾಗಣೆಯ ಬಹುಪಾಲು ಲಾರಿ ಚಾಲಕರನ್ನು 1938ರ ಕೂಲಿ ಕಾಯಿದೆಯು ಹೆಚ್ಚುವರಿ ದುಡಿಮೆಯ ಒಂದೂವರೆ ಪಟ್ಟು ಕೂಲಿಯಿಂದ ಹೊರಗಿಟ್ಟಿದೆ. ದೀರ್ಘ ದುಡಿಮೆಯಿಂದ ಒಡೆಯನಿಗೆ ಅಧಿಕ ವೆಚ್ಚವಿಲ್ಲ, ನಿಂತರೆ ಚಾಲಕನಿಗೆ ಅನ್ನವಿಲ್ಲ. ಇಂಥಲ್ಲಿ ದೊರೆತ ಸಮ್ಮತಿಯನ್ನು ಸ್ವೇಚ್ಛೆಯೆಂದು ಬಗೆಯಲಾಗದು. ಬಗೆದರೂ, ಎದುರು ದಿಕ್ಕಿನಿಂದ ಮಕ್ಕಳನ್ನು ಕೂರಿಸಿಕೊಂಡು ಬರುವ ತಾಯಿ ಯಾವ ಸಮ್ಮತಿಯನ್ನೂ ಕೊಟ್ಟಿಲ್ಲ.

ನೀರು, ಮರಳು ಹೊರುವ ಲಾರಿಗಳಿಗೆ ಕಾಯುವ ಕಾಲದ ವಿನಾಯಿತಿ ಅನ್ವಯಿಸದೆಂದು ಅಲ್ಲಿನ ಸಾರಿಗೆ ಇಲಾಖೆ 2012ರಲ್ಲಿ ಸ್ಪಷ್ಟಪಡಿಸಿತು; 2017ರ ಕೊನೆಯಿಂದ ಕೈಬರಹದ ದಿನಚರಿಯ ಸ್ಥಾನಕ್ಕೆ ವಿದ್ಯುನ್ಮಾನ ಯಂತ್ರ ಬಂದಿತು. ಇವು ಸ್ವಾಗತಾರ್ಹವೇ. ಆದರೆ ತಪ್ಪಾಗಿ ಎಣಿಸಬೇಕೆಂದು ವಿಧಿಸಿದ ಕಾಲವನ್ನು ಯಂತ್ರವು ತಪ್ಪಾಗಿಯೇ, ಇನ್ನೂ ನಿಖರವಾಗಿ, ಎಣಿಸುತ್ತದೆ. ಇದಲ್ಲದೆ 10,001 ಪೌಂಡಿಗಿಂತ ಕಡಿಮೆ ತೂಕದ ವಾಹನವು ಸಾಮಾನ್ಯವಾಗಿ ಈ ನಿಯಮದ ಕೈಗೆ ಸಿಗದು. ಹನ್ನೆರಡು ಗಂಟೆ ಬಾವಿಯಲ್ಲಿ ದುಡಿದವನು ತನ್ನ ಪಿಕಪ್ ಗಾಡಿಯಲ್ಲಿ ನೂರಾರು ಮೈಲಿ ಮನೆಗೆ ಹೊರಟರೆ ಕೇಳುವವರಿಲ್ಲ.

ವೇಳಾಪಟ್ಟಿಯನ್ನು ನಿಶ್ಚಯಿಸುವವನು ಬಾವಿಯ ಒಡೆಯ. ದಂಡ ತೆರುವವನು ಚಾಲಕ, ಇಲ್ಲವೆ ಲಾರಿಯ ಯಜಮಾನ. ಆಸ್ಟ್ರೇಲಿಯಾದ ಬಹುಭಾಗದಲ್ಲಿ 2014ರಿಂದ ಜಾರಿಯಲ್ಲಿರುವ ಭಾರೀ ವಾಹನಗಳ ಕಾನೂನು ಸರಕು ಕಳುಹಿಸುವವನನ್ನೂ ಹೊತ್ತು ಗೊತ್ತುಮಾಡುವವನನ್ನೂ ಹೊಣೆಗಾರಿಕೆಯ ಸರಪಣಿಯಲ್ಲಿ ಬಿಗಿದಿದೆ. ಅಮೆರಿಕಾ ಮಾಡಬೇಕಾದುದೂ ಇದನ್ನೇ: ಬಾವಿಯ ಬಳಿ ಕಾದ ಪ್ರತಿಯೊಂದು ಗಂಟೆಯನ್ನೂ ದುಡಿಮೆಯೆಂದೆಣಿಸಿ, ಆ ಗಂಟೆಯ ಕೂಲಿಯನ್ನು ಕಾಯಿಸಿದವನಿಂದಲೇ ಕೊಡಿಸಿ, 1960ರ ದಶಕದ ಆ ವಿನಾಯಿತಿಗಳೆರಡನ್ನೂ ನಿಯಮಾವಳಿಯಿಂದ ಕಿತ್ತುಹಾಕಬೇಕು.